ನಾಲಿಗೆ ತಿದ್ದಿಸಿಕೊಂಡು ಬಂದರೆ ಸೀಟು

ವಾಕ್ ಚಿಕಿತ್ಸಾ ವಿದ್ಯಾಲಯದ ಪ್ರವೇಶ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ನನ್ನ ಮಾತಿನಲ್ಲಿ ದೋಷವಿದೆ ಎಂದು ಮೊಹರು ಹಾಕಿ ನೀವು ಕಳಿಸಿದ ಪತ್ರ ತಲುಪಿತು. ನಲವತ್ತೆಂಟು ವರ್ಷ ಇದು ನನಗೆ ಗೊತ್ತೇ ಇರಲಿಲ್ಲ. ಸಿಂದಗಿಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದೆ. ಅಲ್ಲಿಯೂ ಯಾರೂ ಹೇಳಲಿಲ್ಲ. ಎಂ.ಎ. ಮೌಖಿಕ ಪರೀಕ್ಷೆಯಲ್ಲಿ ನನ್ನೆದುರು ಕುಳಿತಿದ್ದ ಮೂವರು ಪ್ರಾಧ್ಯಾಪಕರಿಗೂ ಹೊಳೆಯಲಿಲ್ಲ. ನಿಮ್ಮ ಸಮಿತಿ ಹನ್ನೊಂದೇ ನಿಮಿಷದಲ್ಲಿ ಕಂಡುಹಿಡಿಯಿತು. ಇಷ್ಟು ಚುರುಕಾದ ಕಿವಿಗಳು ನಾಡಿನಲ್ಲಿ ಇರುವಾಗ ನಮ್ಮಂಥವರು ಬಾಯಿ ತೆರೆಯುವ ಮೊದಲು ನಿಮ್ಮನ್ನೊಂದು ಮಾತು ಕೇಳಬೇಕಿತ್ತು. ತಪ್ಪಾಯಿತು.

ನಿಮ್ಮ ಪತ್ರದಲ್ಲಿ ಏನಿದೆ ಎಂಬುದು ಇದನ್ನು ಓದುವವರಿಗೂ ತಿಳಿಯಲಿ. ಬೇರೆ ವೃತ್ತಿಯಿಂದ ಬರುವ ಪದವೀಧರರಿಗಾಗಿ ನೀವು ನಡೆಸುವ ವಾಕ್ ಚಿಕಿತ್ಸೆಯ ಸ್ನಾತಕೋತ್ತರ ಕೋರ್ಸಿಗೆ ನಾನು ಅರ್ಜಿ ಹಾಕಿದ್ದೆ. ಲಿಖಿತ ಪರೀಕ್ಷೆಯಲ್ಲಿ ನಾಲ್ಕನೆಯ ಸ್ಥಾನ ಬಂತು. ಸೀಟು ಇದೆ, ಆದರೆ ಷರತ್ತೂ ಇದೆ. ನಿಮ್ಮದೇ ವಾಕ್ಯಗಳಲ್ಲಿ ಹೇಳುವುದಾದರೆ: “ಅಭ್ಯರ್ಥಿಯ ಮಾತಿನಲ್ಲಿ ‘ಶ’ಕಾರಕ್ಕೆ ಬದಲಾಗಿ ‘ಸ’ಕಾರ, ಪದಾಂತ್ಯದ ‘ಎ’ಕಾರಕ್ಕೆ ಬದಲಾಗಿ ‘ಇ’ಕಾರ, ಅಧಿಕ ವೇಗ ಮತ್ತು ಅಧಿಕ ಗಡಸುತನ ಕಂಡುಬಂದಿದೆ. ನಮ್ಮ ಚಿಕಿತ್ಸಾಲಯದಲ್ಲಿ ಹನ್ನೆರಡು ವಾರಗಳ ಉಚ್ಚಾರ ಶುದ್ಧಿ ಚಿಕಿತ್ಸೆ ಪಡೆಯಲು ಲಿಖಿತ ಒಪ್ಪಿಗೆ ನೀಡಿದಲ್ಲಿ ಮಾತ್ರ ಪ್ರವೇಶ ಖಚಿತಗೊಳಿಸಲಾಗುವುದು.” ಈ ತಿಂಗಳ ಮೂವತ್ತರೊಳಗೆ ಒಪ್ಪಿಗೆ ತಲುಪದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ. ಅಂದರೆ ನಾನು ನಿಮ್ಮಲ್ಲಿಗೆ ಚಿಕಿತ್ಸೆ ಕಲಿಯಲು ಬರಬೇಕಾದರೆ ಮೊದಲು ರೋಗಿಯಾಗಿ ಬರಬೇಕು.

ಈ ಸೀಟು ನನಗೆ ಹವ್ಯಾಸವಲ್ಲ. ಸ್ವಯಂ ನಿವೃತ್ತಿಗೆ ಅರ್ಜಿ ಕೊಟ್ಟು, ಅದು ಮಂಜೂರಾಗಿ, ನನ್ನ ಕುರ್ಚಿಯಲ್ಲಿ ಈಗ ಬೇರೆಯವರು ಕುಳಿತಿದ್ದಾರೆ. ಹಿಂದೆ ಹೋಗುವ ದಾರಿ ಮುಚ್ಚಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನಲ್ಲಿ ನಾನು ಕೇಳದ ಆಸ್ಪತ್ರೆಯಿಲ್ಲ. ಮಾತು ಕಳೆದುಕೊಂಡವರಿಗೆ ಮಾತು ಕಲಿಸುವವರು ಒಬ್ಬರೂ ನನ್ನ ಕಣ್ಣಿಗೆ ಬೀಳಲಿಲ್ಲ. ಆ ಒಬ್ಬಳು ನಾನಾಗಬೇಕು ಎಂದು ಹೊರಟೆ.

ನಿಮ್ಮನ್ನೇ ಏಕೆ ಆರಿಸಿದೆ ಎಂಬುದನ್ನೂ ಹೇಳಿಬಿಡುತ್ತೇನೆ; ಮೂರ್ಖತನಕ್ಕೂ ಒಂದು ದಾಖಲೆ ಇರಲಿ. ನಾನು ತೂಗಿ ನೋಡಿದ್ದು ಮೂರು ಕೋರ್ಸುಗಳನ್ನು. ಮೊದಲನೆಯ ಕಾಲೇಜಿಗೆ ಫೋನ್ ಮಾಡಿದಾಗ ಗುಮಾಸ್ತರು ಕೇಳಿದರು:

“ಯಾರಿಗೆ ಮೇಡಂ, ಮಗಳಿಗಾ?”

“ನನಗ್ರಿ.”

ಆ ಕಡೆ ಕಾಗದ ಮಗುಚಿದ ಸದ್ದು ಕೇಳಿಸಿತು.

“ಪಿಯುಸಿ ಸೈನ್ಸ್ ಆಗಿದೆಯಾ?”

“ಎಂ.ಎ. ಆಗೇತ್ರಿ.”

“ಅದು ಲೆಕ್ಕಕ್ಕಿಲ್ಲ ಮೇಡಂ.”

ಎರಡನೆಯದು ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಮುಗಿಸಬಹುದಾದ ಕೋರ್ಸು. ಅದರಲ್ಲಿ ಎರಡು ವರ್ಷಕ್ಕೆ ಒಬ್ಬ ರೋಗಿಯ ಎದುರೂ ಕೂರಬೇಕಾಗಿರಲಿಲ್ಲ. ಬಾವಿಗೆ ಇಳಿಯದೆ ಈಜು ಕಲಿಸುವ ಆ ಜಾಣತನ ನನಗೆ ಒಗ್ಗಲಿಲ್ಲ. ಮೂರನೆಯವರು ನೀವು. ನಿಮ್ಮ ಕೈಪಿಡಿಯ ಮುಖಪುಟದಲ್ಲಿ “ನಿಮ್ಮ ಬದುಕಿನ ಅನುಭವವೇ ನಿಮ್ಮ ಅರ್ಹತೆ” ಎಂದು ಅಚ್ಚಾಗಿತ್ತು. ಒಳಗೆ, ಪದವಿ ಪಡೆದವರು ಎರಡು ವರ್ಷ ಹಿಂದುಳಿದ ಜಿಲ್ಲೆಗಳಲ್ಲಿ ಸೇವೆ ಮಾಡತಕ್ಕದ್ದು ಎಂಬ ನಿಯಮವಿತ್ತು. ಮೊದಲ ದಿನದಿಂದಲೇ ರೋಗಿಗಳ ಜೊತೆ ಕೂರಿಸುತ್ತೇವೆ, ಅದೂ ಕನ್ನಡದಲ್ಲಿ ಎಂದಿತ್ತು. ನಾನು ಅಚ್ಚಾದದ್ದನ್ನು ನಂಬುವ ಜಾತಿಯವಳು. ಕವಿತೆ ಓದಿ ಓದಿ ಬಂದ ಕೆಟ್ಟ ಚಟ ಅದು. ಒಂದು ಸಾಲನ್ನು ಯಾರಾದರೂ ಬರೆದಿದ್ದರೆ ಅದರ ಹಿಂದೆ ಮನಸ್ಸೂ ಇರುತ್ತದೆ ಎಂದುಕೊಂಡೆ.

ನನ್ನ ಯಜಮಾನರು ರಾವಸಾಬರು ಕೈಪಿಡಿ ನೋಡಿ ನಕ್ಕರು. “ಇಪ್ಪತ್ತೆರಡ ವರ್ಷ ಹುಡುಗರಿಗೆ ಬಾಯಿ ಮುಚ್ಚ ಅಂದಿ. ಈಗ ಮಂದಿ ಬಾಯಿ ತಗಸಾಕ ಹೊಂಟಿ?” ಹಾಗೆ ಅಂದವರೇ ಸಂದರ್ಶನದ ಹಿಂದಿನ ದಿನ ನನ್ನ ಚೀಲ ಹೊತ್ತು ಬಸ್‌ಸ್ಟ್ಯಾಂಡಿಗೆ ಬಂದರು. ಹನ್ನೊಂದು ತಾಸಿನ ದಾರಿ.

ಸಂದರ್ಶನದಲ್ಲಿ ಒಂದು ಪುಟ ಗಟ್ಟಿಯಾಗಿ ಓದಿಸಿದಿರಿ, ಓದಿದೆ. ಅದರಲ್ಲಿ ತಪ್ಪು ಸಿಗಲಿಲ್ಲ. ಆಮೇಲೆ ಪುಸ್ತಕ ಮುಚ್ಚಿ, “ಈ ವಯಸ್ಸಿನಲ್ಲಿ ಇದು ಏಕೆ?” ಎಂದು ಕೇಳಿದಿರಿ. ಮನಸ್ಸಿನಲ್ಲಿದ್ದದ್ದನ್ನು ಹೇಳುವಾಗ ಮನುಷ್ಯರು ಮನೆಯ ಮಾತಿನಲ್ಲಿ ಹೇಳುತ್ತಾರೆ. ನಾನೂ ಹೇಳಿದೆ. “ಸಾಲ್ಯಾಗ ಕಲಸ್ತಿದ್ನಿರಿ, ಸಂಜಿಮುಂದ ನಮ್ಮ ಸಾವಂತ್ರವ್ವನ ಹಂತ್ಯಾಕ ಹೋಗಿ ಕುಂದರ್ತಿದ್ನಿ” ಎಂದು ಶುರು ಮಾಡಿದೆ. ಆಗ ನೀವು ಕೈಯೆತ್ತಿ ಅಂದ ಮಾತು ನೆನಪಿದೆಯೇ? “ಮೇಡಂ, ಜಗಳ ಬೇಡ. ಸಮಾಧಾನವಾಗಿ ಹೇಳಿ.” ಸ್ವಾಮಿ, ನಾನು ಜಗಳವಾಡುತ್ತಿರಲಿಲ್ಲ. ನನ್ನ ಜೀವನದ ಅತ್ಯಂತ ಮೃದುವಾದ ಸಂಗತಿಯನ್ನು ನಿಮಗೆ ಹೇಳುತ್ತಿದ್ದೆ. ನಾವು ಜಗಳವಾಡುವುದು ಹೇಗಿರುತ್ತದೆಂದು ತಿಳಿಯಬೇಕಾದರೆ ಈ ಪತ್ರವನ್ನು ಕೊನೆಯವರೆಗೂ ಓದಿ.

ನೀವು ತಡೆದ ಆ ಕಥೆಯನ್ನು ಇಲ್ಲಿ ಮುಗಿಸುತ್ತೇನೆ. ಅದು ನಿಮ್ಮದೂ ಹೌದು.

ಸಾವಂತ್ರವ್ವ ನಮ್ಮ ಓಣಿಯವಳು. ಬಸ್‌ಸ್ಟ್ಯಾಂಡಿನ ಹಿಂದೆ ಆಕೆ ಮತ್ತು ಆಕೆಯ ಗಂಡ ಗುರಲಿಂಗಪ್ಪ ಖಾನಾವಳಿ ನಡೆಸುತ್ತಾರೆ. ಯಾವ ಡ್ರೈವರನಿಗೆ ಒಣಗಿದ ಕಟಕ ರೊಟ್ಟಿ, ಯಾವ ಮಾಸ್ತರನಿಗೆ ಬಿಸಿ ರೊಟ್ಟಿ ಎಂಬುದು ಆಕೆಯ ಬಾಯಲ್ಲೇ ಇತ್ತು. ಎರಡು ವರ್ಷದ ಹಿಂದೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಐವತ್ತನಾಲ್ಕು ವಯಸ್ಸು. ಕಿವಿ ಸರಿಯಿತ್ತು, ಬುದ್ಧಿ ಸರಿಯಿತ್ತು. ಶಬ್ದಗಳು ಮಾತ್ರ ಮನೆಯೊಳಗೇ ಇದ್ದು ಬಾಗಿಲಿಗೆ ಬರುತ್ತಿರಲಿಲ್ಲ.

ಆ ವರ್ಷ ನಿಮ್ಮ ಸಂಸ್ಥೆಯ ಶಿಬಿರವೊಂದು ನಮ್ಮೂರಿಗೆ ಬಂತು. ನಾನೇ ಆಕೆಯನ್ನು ಕರೆದುಕೊಂಡು ಹೋದೆ. ನಿಮ್ಮ ಯುವ ತಜ್ಞೆ ಒಳ್ಳೆಯ ಹುಡುಗಿ, ನಗುಮುಖದವಳು. ನಾಲ್ಕು ಚಿತ್ರದ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ, “ಅಮ್ಮಾ, ಬೀಗ ಎಲ್ಲಿದೆ ತೋರಿಸಿ” ಎಂದಳು.

ಸಾವಂತ್ರವ್ವ ಕಾರ್ಡು ನೋಡಲಿಲ್ಲ. ಗಾಬರಿಯಿಂದ ಬಾಗಿಲ ಕಡೆ ತಿರುಗಿದಳು. ಎಡಗೈಯಿಂದ ತಡವರಿಸುತ್ತ ತಲೆಯ ಮೇಲೆ ಸೆರಗು ಎಳೆದುಕೊಂಡಳು.

ನಮ್ಮ ಕಡೆ ಬಾಗಿಲಿಗೆ ಹಾಕುವುದು ಕೀಲಿ, ಅದನ್ನು ತೆಗೆಯುವುದು ಚಾವಿ. ಬೀಗ ಎಂದರೆ ಮಗಳನ್ನು ಕೊಟ್ಟ ಮನೆಯ ಹಿರಿಯ. ಆಕೆಯ ಮಗಳನ್ನು ಕೊಟ್ಟದ್ದು ಮುದ್ದೇಬಿಹಾಳಕ್ಕೆ. ಬಾಯಿ ಸೊಟ್ಟಗಾಗಿ, ಜೊಲ್ಲು ಸೋರುತ್ತ ಕುಳಿತಿರುವ ಹೊತ್ತಿನಲ್ಲಿ ಬೀಗರು ಬಂದು ನಿಂತರೇ ಎಂದು ಆ ಹೆಂಗಸು ಹೆದರಿದಳು. ನಿಮ್ಮ ಹುಡುಗಿ ಕಾಗದದ ಮೇಲೆ ಬರೆದಳು: “ಆದೇಶದ ಗ್ರಹಿಕೆ ಇಲ್ಲ. ಗಮನ ಚಂಚಲ.” ಗ್ರಹಿಕೆ ಇಲ್ಲದವರು ಯಾರು, ಅಧ್ಯಕ್ಷರೇ? ಒಂದು ಶಬ್ದ ಕೇಳಿ ಮಾನ, ನೆಂಟಸ್ತಿಕೆ, ಮಗಳ ಸಂಸಾರ ಎಲ್ಲವನ್ನೂ ಕ್ಷಣದಲ್ಲಿ ಗ್ರಹಿಸಿದವಳೋ, ಅದನ್ನು ಕಂಡೂ ಕಾಣದೆ ಕಾಗದ ತುಂಬಿದವರೋ?

ಆಮೇಲೆ ಹೆಸರು ಹೇಳಿಸುವ ಪರೀಕ್ಷೆ. ಅದೇ ಕೀಲಿಯ ಚಿತ್ರ ತೋರಿಸಿದಾಗ ಸಾವಂತ್ರವ್ವ ಬೆವರು ಸುರಿಸಿ “ಕೀ...ಲಿ” ಎಂದಳು. ನನ್ನ ಕಣ್ಣಲ್ಲಿ ನೀರು ಬಂತು. ಎರಡು ತಿಂಗಳಲ್ಲಿ ಆಕೆ ಆಡಿದ ಮೊದಲ ಪೂರ್ತಿ ಶಬ್ದ ಅದು. ನಿಮ್ಮವಳು ತಪ್ಪು ಗುರುತು ಹಾಕಿದಳು. ಬೀಗ ತೋರಿಸಿದರೆ ಬೀಗದ ಕೈಯ ಹೆಸರು ಹೇಳುತ್ತಾಳೆ, ಅರ್ಥ ಅದಲುಬದಲಾಗಿದೆ, ಇದು ಈ ಕಾಯಿಲೆಯ ಲಕ್ಷಣ ಎಂದು ನನಗೆ ವಿವರಿಸಿದಳು.

“ಹಂಗಲ್ರಿ, ನಮ್ಮ ಕಡೆ ಅದಕ್ಕ ಕೀಲಿ ಅಂತಾರ್ರಿ” ಎಂದೆ.

“ಮೇಡಂ, ದಯವಿಟ್ಟು ಸುಳಿವು ಕೊಡಬೇಡಿ. ಪರೀಕ್ಷೆ ಕೆಡುತ್ತೆ.”

ಮುಂದಿನ ಚಿತ್ರ ಉಳ್ಳಾಗಡ್ಡಿಯದು, ನಿಮ್ಮ ಈರುಳ್ಳಿಯದು. ಮೂವತ್ತು ವರ್ಷ ದಿನಕ್ಕೆ ಹತ್ತು ಕಿಲೋ ಹೆಚ್ಚಿದವಳಿಗೆ ಅದರ ಗುರುತು ಸಿಗದೆ ಇರುತ್ತದೆಯೇ? “ಉ... ಉಳ್ಳ...” ಎಂದಳು. ಅರ್ಧ ದಾರಿ ಬಂದಿದ್ದಳು. ಆಗ ನಿಮ್ಮ ಹುಡುಗಿ ಪ್ರೀತಿಯಿಂದ ಬಾಗಿ, “ಅಲ್ಲಮ್ಮಾ, ಈ... ಈರು...” ಎಂದು ಎತ್ತಿಕೊಟ್ಟಳು. ಸಾವಂತ್ರವ್ವ ಆಕೆಯ ಬಾಯಿ ನೋಡಿದಳು, ನನ್ನ ಮುಖ ನೋಡಿದಳು, ತುಟಿ ಮುಚ್ಚಿದಳು. ಮುಂದಿನ ಹದಿನೆಂಟು ಚಿತ್ರಗಳಿಗೆ ಆ ತುಟಿ ತೆರೆಯಲೇ ಇಲ್ಲ. ಕೊನೆಯ ಷರಾ: “ಚಿಕಿತ್ಸೆಯಿಂದ ಸುಧಾರಣೆ ನಿರೀಕ್ಷಿಸುವಂತಿಲ್ಲ.”

ಹೀಗೆ ನಿಮ್ಮವರು ಕೈಬಿಟ್ಟ ರೋಗಿಯ ಎದುರು ನಾನು ದಿನವೂ ಸಂಜೆ ಶಾಲೆ ಬಿಟ್ಟ ಮೇಲೆ ಹೋಗಿ ಕುಳಿತೆ. ನನಗೆ ಯಾವ ವಿದ್ಯೆಯೂ ಗೊತ್ತಿರಲಿಲ್ಲ. ಕಾರ್ಡು ಇರಲಿಲ್ಲ, ಎದುರಿಗೆ ಉಳ್ಳಾಗಡ್ಡಿಯೇ ಇತ್ತು, ಶೇಂಗಾ ಇತ್ತು, ರೊಟ್ಟಿ ಬಡಿಯುವ ಕೊಣಮಿಗೆ ಇತ್ತು. ಕವಿತೆ ಓದಿ ನಾನು ಕಲಿತದ್ದು ಒಂದೇ ಸಂಗತಿ: ಶಬ್ದ ಬರುವ ಮೊದಲಿನ ಮೌನವನ್ನು ಸಹಿಸಿಕೊಳ್ಳುವುದು. ನಿಮ್ಮ ಪರೀಕ್ಷೆಯ ಕಾಗದದಲ್ಲಿ ಒಂದು ಉತ್ತರಕ್ಕೆ ಐದು ಸೆಕೆಂಡು ಕಾಯಬೇಕು ಎಂದಿದೆ. ನಾನು ಒಮ್ಮೊಮ್ಮೆ ಕಾಲು ತಾಸು ಕಾದೆ. ಹದಿನಾರನೆಯ ದಿನ “ಉಳ್ಳಾಗಡ್ಡಿ” ಪೂರ್ತಿ ಬಂತು.

ಗುರಲಿಂಗಪ್ಪ ಒಲೆಯ ಮುಂದಿನಿಂದಲೇ ಕೂಗಿದ: “ಬಂತ ನೋಡ್ರಿ ಅಕ್ಕೋರ! ಇನ್ನ ನನಗ ಬೈಯೂದೊಂದ ಬಾಕಿ ಉಳೀತು.”

ಎಂಟು ದಿನಕ್ಕೆ ಅದೂ ಬಂತು. ಸಾರು ಹೊತ್ತಿಸಿದ ಗಂಡನಿಗೆ ಆಕೆ ಸ್ಪಷ್ಟವಾಗಿ “ಖೋಡಿ” ಎಂದಳು. ಆತ ಅದನ್ನು ಓಣಿಯವರಿಗೆಲ್ಲ ಹಬ್ಬದ ಸುದ್ದಿಯಂತೆ ಹೇಳಿಕೊಂಡು ಬಂದ.

ಇನ್ನೊಂದು ಬೆರಗು ನನ್ನನ್ನು ಬಿಡಲಿಲ್ಲ. ನೀರು ಬೇಕೆಂದು ಕೇಳಲಾರದ ಈ ಹೆಂಗಸು ಬೀಸುವ ಪದ ಹಾಡಲು ತೊಡಗಿದರೆ ನಾಲ್ಕು ಸಾಲು ತಡೆಯಿಲ್ಲದೆ ಹರಿಯುತ್ತಿದ್ದವು. ನನ್ನ ತವರು ಹಲಸಂಗಿ. ಹೆಂಗಸರ ಹಾಡನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡವರ ಊರು. ಹಾಡಿನಲ್ಲಿ ಬರುವ ‘ನೀರು’ ಎಂಬ ಶಬ್ದ ಮಾತಿನಲ್ಲಿ ಏಕೆ ಬರುವುದಿಲ್ಲ? ಎರಡಕ್ಕೂ ತಲೆಯೊಳಗೆ ಬೇರೆ ಬೇರೆ ದಾರಿಗಳಿವೆಯೇ? ಒಂದರಿಂದ ಇನ್ನೊಂದಕ್ಕೆ ಸೇತುವೆ ಕಟ್ಟಬಹುದೇ? ಇದನ್ನು ಅಂದಾಜಿನಿಂದಲ್ಲ, ಶಾಸ್ತ್ರದಿಂದ ಕಲಿಯಬೇಕು ಎನಿಸಿತು. “ಈ ವಯಸ್ಸಿನಲ್ಲಿ ಇದು ಏಕೆ” ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇದು. ನೀವು ಉತ್ತರ ಕೇಳಿಸಿಕೊಳ್ಳದೆ ಅದರೊಳಗಿನ ‘ಸ’ಕಾರಗಳನ್ನು ಎಣಿಸುತ್ತ ಕುಳಿತಿರಿ.

ನಿಮ್ಮ ಕೈಪಿಡಿಯ ಇಪ್ಪತ್ತಮೂರನೆಯ ಪುಟದಲ್ಲಿ ಮೊದಲ ವರ್ಷದ ಪಠ್ಯಪಟ್ಟಿ ಇದೆ. ಎರಡನೆಯ ಅಧ್ಯಾಯದ ಹೆಸರು: “ಪ್ರದೇಶದ ಮಾತು ಮತ್ತು ಮಾತಿನ ದೋಷ: ಭೇದ ತಿಳಿಯುವುದು ಹೇಗೆ?” ಸಮಿತಿಯ ಸದಸ್ಯರಲ್ಲಿ ಆ ಅಧ್ಯಾಯದ ದಿನ ರಜೆಯಲ್ಲಿದ್ದವರು ಎಷ್ಟು ಮಂದಿ? ಇಡೀ ಜಿಲ್ಲೆ ಶಾಲೆಗೆ ‘ಸಾಲಿ’ ಎನ್ನುತ್ತದೆ, ಮನೆಗೆ ‘ಮನಿ’ ಎನ್ನುತ್ತದೆ. ಹಾಗಾದರೆ ಹೊರ್ತಿಯಿಂದ ಮೋರಟಗಿಯವರೆಗೆ ಮನೆ ಮನೆಗೂ ಒಬ್ಬೊಬ್ಬ ರೋಗಿ. ಇಷ್ಟು ದೊಡ್ಡ ಸಾಂಕ್ರಾಮಿಕವನ್ನು ಸರಕಾರದ ಗಮನಕ್ಕೆ ತರದೆ ಮುಚ್ಚಿಟ್ಟದ್ದು ನಿಮ್ಮ ಕಡೆಯಿಂದ ಅಪರಾಧವಲ್ಲವೇ?

ನಿಮ್ಮನ್ನು ಹಳಿಯುವ ಮೊದಲು ನನ್ನ ಲೆಕ್ಕವನ್ನೂ ಹೇಳಬೇಕು. ಇಪ್ಪತ್ತೆರಡು ವರ್ಷ ಮಕ್ಕಳ ಪುಸ್ತಕದಲ್ಲಿ ‘ಸಾಲಿ’ಗೆ ಕೆಂಪು ಗೆರೆ ಎಳೆದವಳು ನಾನೇ. ಬರೆಯುವುದರಲ್ಲಿ ತಿದ್ದಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಆದರೆ ಯಾಸ್ಮಿನ ಎಂಬ ಹುಡುಗಿ ಎದ್ದು ನಿಂತು ಉತ್ತರ ಹೇಳುವಾಗಲೂ ನಡುವೆ ತಿದ್ದಿದೆ. ಉತ್ತರ ಸರಿಯಿತ್ತು, ಉಚ್ಚಾರ ತಿದ್ದಿದೆ. ಆ ಹುಡುಗಿ ಮತ್ತೆ ನನ್ನ ತರಗತಿಯಲ್ಲಿ ಕೈ ಎತ್ತಲಿಲ್ಲ. ನಿಮ್ಮ ಪತ್ರ ಓದಿದ ದಿನ ನನಗೆ ಆಕೆಯ ಮುಖ ಕಂಡಿತು. ಆದ್ದರಿಂದ ನಾನು ಬರೆಯುತ್ತಿರುವುದು ಮುಗ್ಧಳ ಸಿಟ್ಟಿನಿಂದಲ್ಲ. ಅದೇ ತಪ್ಪು ಮಾಡಿ, ತಡವಾಗಿ ತಿಳಿದವಳ ಸಿಟ್ಟಿನಿಂದ.

ಇಷ್ಟಾದರೂ ಆಸೆ ಕೆಟ್ಟದ್ದು. ಸೀಟು ಬೇಕಿತ್ತು. ಹನ್ನೆರಡು ವಾರ ತಾನೇ, ನಾಲಿಗೆಯೇನು ಸವೆಯುತ್ತದೆಯೇ ಎಂದುಕೊಂಡು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಒಂದು ವಾರ ಶುದ್ಧಳಾಗಿ, ಎಂಟನೆಯ ದಿನ ಖಾನಾವಳಿಗೆ ಹೋದೆ. ನಿಧಾನವಾಗಿ, ಮೆತ್ತಗೆ, ಪ್ರತಿ ‘ಎ’ಕಾರವನ್ನೂ ಅದರ ಜಾಗದಲ್ಲಿ ಕೂರಿಸಿ ಕೇಳಿದೆ: “ಸಾವಂತ್ರವ್ವ, ಹೇಗಿದ್ದೀರಿ? ಊಟ ಆಯಿತೆ?”

ಸಾವಂತ್ರವ್ವ ತಟ್ಟನೆ ಸರಿದು ಕುಳಿತಳು. ಗಂಡನ ಮುಖ ನೋಡಿದಳು.

“ಯಾಕ್ರಿ ಅಕ್ಕೋರ, ಗಂಟಲಿಗೆ ಏನರ ಆಗೇತೇನ್ರಿ?” ಎಂದ ಗುರಲಿಂಗಪ್ಪ.

“ಇಲ್ಲ, ಚೆನ್ನಾಗಿದ್ದೇನೆ” ಎಂದೆ.

ಆಗ ಸಾವಂತ್ರವ್ವ ತುಟಿಯನ್ನು ಎಳೆದು, ಸೊಟ್ಟ ಬಾಯಿಯನ್ನು ಸರಿಮಾಡಿಕೊಂಡು, ನನ್ನ ಕಡೆ ಬೆರಳು ತೋರಿಸಿ ಹೇಳಿದಳು: “ಆ... ಆಫೀಸ... ಬಾಯಿ.” ಕಚೇರಿಯವರ ಹಾಗೆ ಮಾತಾಡುತ್ತೀ ಎಂದು.

ಗುರಲಿಂಗಪ್ಪ ಚಪ್ಪಾಳೆ ಹೊಡೆದ. “ಹೊಸಾ ಶಬ್ದ ಬಂತ್ರಿ! ನಿಮ್ಮ ಟ್ರೀಟಮೆಂಟ ಭಾಳ ಚಲೋ ಐತಿ.”

ನಾನೂ ನಕ್ಕೆ. ಆದರೆ ಆಕೆ ನಗಲಿಲ್ಲ. ಅಂದು ನನ್ನ ಎದುರು ಮತ್ತೊಂದು ಶಬ್ದ ಆಡಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ನಾಲ್ಕನೆಯ ದಿನ ನಾನು ಹೊಸ್ತಿಲಲ್ಲೇ ನಿಂತು, ನನ್ನ ಹಳೆಯ ಮಾತಿಗೇ ಮರಳಿ, “ಯವ್ವಾ ಸಾವಂತ್ರವ್ವ, ನಾ ಹಳೀಕಿನ ಬಂದೇನಿ, ಒಳಗ ಬರ್ಲೋ ಬ್ಯಾಡೋ?” ಎಂದು ಕೇಳಿದೆ. ಬಹಳ ಹೊತ್ತು ನೋಡಿ, “ಬಾ” ಎಂದಳು.

ನಿಮ್ಮ ಷರತ್ತಿನ ಬೆಲೆ ಎಷ್ಟೆಂದು ಆ ಮೂರು ದಿನಗಳಲ್ಲಿ ತಿಳಿಯಿತು. ನನ್ನ ನಾಲಿಗೆಯನ್ನು ಶುದ್ಧಿ ಮಾಡಿ, ಪದವಿ ಕೊಟ್ಟು, ಸೇವೆಗೆಂದು ಇದೇ ಜಿಲ್ಲೆಗೆ ಕಳಿಸುತ್ತೀರಿ. ಯಾರ ಮುಂದೆ ಬಾಯಿ ತೆರೆಯಲು ರೋಗಿಗಳು ಅಂಜುತ್ತಾರೋ ಅಂಥ ವಾಕ್ ಚಿಕಿತ್ಸಕಿಯನ್ನು ತಯಾರಿಸಲು ಎರಡು ವರ್ಷ ಏಕೆ ಬೇಕು? ಅಂಥವರು ನಮ್ಮ ಕಚೇರಿಗಳಲ್ಲಿ ಈಗಾಗಲೇ ಸಾಕಷ್ಟಿದ್ದಾರೆ.

ಈಗ ನನ್ನ ಬೇಡಿಕೆ. ನಿಮ್ಮ ನಮೂನೆಯಲ್ಲಿ “ಸೀಟನ್ನು ಸ್ವೀಕರಿಸುತ್ತೇನೆ” ಎಂಬಲ್ಲಿ ಸಹಿ ಮಾಡಿದ್ದೇನೆ. “ಉಚ್ಚಾರ ಶುದ್ಧಿ ಚಿಕಿತ್ಸೆಗೆ ಒಪ್ಪಿದ್ದೇನೆ” ಎಂಬ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ “ಒಪ್ಪಿಲ್ಲ” ಎಂದು ಬರೆದಿದ್ದೇನೆ. ಇವೆರಡನ್ನೂ ಹಾಗೆಯೇ ದಾಖಲಿಸಿಕೊಳ್ಳಿ. ನನ್ನ ಕಡತದಿಂದ ‘ದೋಷ’ ಎಂಬ ಶಬ್ದವನ್ನು ತೆಗೆದು, ತೆಗೆದಿದ್ದೇವೆ ಎಂದು ಲಿಖಿತದಲ್ಲಿ ತಿಳಿಸಿ. ಸಾವಂತ್ರವ್ವನ ಪರೀಕ್ಷೆಯನ್ನು ಈ ಕಡೆಯ ಮಾತು ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಮಾಡಿ. ಆಕೆ ಕಾಯುತ್ತಾಳೆ, ನಿಮ್ಮ ಐದು ಸೆಕೆಂಡಿಗಿಂತ ಹೆಚ್ಚು ತಾಳ್ಮೆ ಆಕೆಗಿದೆ. ನನ್ನದು ದೋಷವೇ ಎಂದು ನಿಮಗಿನ್ನೂ ಅನಿಸಿದರೆ ಯಾವ ಶಾಸ್ತ್ರದ ಯಾವ ಪುಟದ ಆಧಾರದ ಮೇಲೆ ಎಂದು ಬರೆದು ತಿಳಿಸಿ. ನಾನು ಓದುವವಳು; ಓದಿ ಉತ್ತರ ಕೊಡುತ್ತೇನೆ.

ಆಗಸ್ಟ್ ತಿಂಗಳ ಮೊದಲ ಸೋಮವಾರ ನಿಮ್ಮ ತರಗತಿಗಳು ಆರಂಭವಾಗುತ್ತವೆ. ಭಾನುವಾರದ ಬಸ್ಸಿಗೆ ಟಿಕೀಟು ತೆಗೆಸಿದ್ದೇನೆ. ಹಾಜರಿ ಕರೆಯುವಾಗ ಪಟ್ಟಿಯಲ್ಲಿ ನನ್ನ ಹೆಸರು ಇದ್ದರೆ ಎದ್ದು ನಿಂತು “ಅದೇನ್ರಿ” ಎನ್ನುತ್ತೇನೆ. ‘ಇದ್ದೇನೆ’ ಎಂದು ಅದರ ಅರ್ಥ. ಹೆಸರು ಇಲ್ಲದಿದ್ದರೂ ಎದ್ದು ನಿಂತು ಅದನ್ನೇ ಎನ್ನುತ್ತೇನೆ. ನಿಮ್ಮ ಕಿವಿಗೆ ಅದು ‘ಅದೇನು ರೀ?’ ಎಂಬ ಪ್ರಶ್ನೆಯಾಗಿ ಕೇಳಿಸಿದರೆ ತಿದ್ದಬೇಡಿ. ಆಗ ಅದು ಪ್ರಶ್ನೆಯೇ.

ಇಂತಿ,
ಲಿಖಿತದಲ್ಲಿ ನಾಲ್ಕನೆಯವಳು, ಬಾಯಿ ತೆರೆದರೆ ನಪಾಸು,
ನೀಲಾಂಬಿಕಾ ರಾ. ಮೋರಟಗಿ
ಸಿಂದಗಿ